ಡಯಾಗ್ರಾಮ್‌ನಿಂದ ಕೋಡ್ ಬರುತ್ತೆ ಅಂದ್ರು, ಎಲ್ಲಿ ಬಂತು ಎಲ್ಲಿ ಬರ್ಲಿಲ್ಲ

ವಿಟಿಯು 2010ರ ಸ್ಕೀಮ್‌ನಲ್ಲಿ ಸಿಎಸ್ ಓದಿದವರಿಗೆ ಏಳನೇ ಸೆಮ್‌ನ ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಅಂಡ್ ಡಿಸೈನ್ ಪೇಪರ್ ನೆನಪಿರುತ್ತೆ. ಕ್ಲಾಸ್ ಡಯಾಗ್ರಾಮ್, ಯೂಸ್ ಕೇಸ್, ಸೀಕ್ವೆನ್ಸ್ ಡಯಾಗ್ರಾಮ್, ಮತ್ತೆ ತಪ್ಪದೇ ಬರ್ತಿದ್ದ ಆ ಎಟಿಎಂ ಉದಾಹರಣೆ. ಆಮೇಲೆ ಬೆಂಗಳೂರಲ್ಲಿ ವೆಬ್ ಕೆಲಸಕ್ಕೆ ಸೇರಿದವರಲ್ಲಿ ಬಹಳ ಜನ ಇಂಟರ್ವ್ಯೂ ಮುಗಿದ ಮೇಲೆ ಅದನ್ನ ಮತ್ತೆ ಮುಟ್ಟಿಲ್ಲ. ಆದ್ರೆ ಅದೇ ಊರಲ್ಲಿ ಕಾರು, ವಿಮಾನದ ಸಾಫ್ಟ್‌ವೇರ್ ಕಡೆ ಹೋದವರಿಗೆ ಬೆಳಗಾದ್ರೆ ಬ್ಲಾಕ್ ಇಡೋದು, ಗೆರೆ ಎಳೆಯೋದು, ಸಿಮ್ಯುಲೇಶನ್ ಓಡಿಸೋದೇ ಕೆಲಸ, ಸಿ ಕೋಡನ್ನ ಟೂಲೇ ಬರೆಯುತ್ತೆ. ಮಾಡೆಲಿಂಗ್, ಅಂದ್ರೆ ಸಾಫ್ಟ್‌ವೇರನ್ನ ಮೊದಲು ಹಿಂಗೆ ಚಿತ್ರದಲ್ಲಿ ಬರೆಯೋದು, ಸತ್ತೋಯ್ತು ಅಂತ ಒಬ್ರು ಅಂದ್ರೆ ಇನ್ನೊಬ್ರಿಗೆ ಅದು ಅನ್ನ ಹಾಕ್ತಿದೆ. ಯಾಕೆ ಹಿಂಗಾಯ್ತು ಅಂತ ನೋಡೋಕೆ ನಲವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1980ರ ದಶಕದ ಶುರುವಲ್ಲಿ ಇಸ್ರೇಲ್ ಏರ್‌ಕ್ರಾಫ್ಟ್ ಇಂಡಸ್ಟ್ರೀಸ್‌ನವರು ಲಾವಿ ಅನ್ನೋ ಯುದ್ಧವಿಮಾನ ಮಾಡ್ತಿದ್ರು. ಅದರ ಏವಿಯಾನಿಕ್ಸ್ (ವಿಮಾನದೊಳಗಿನ ಎಲೆಕ್ಟ್ರಾನಿಕ್ಸ್) ಟೀಮಿಗೆ ಸಲಹೆ ಕೊಡೋಕೆ ಡೇವಿಡ್ ಹರೆಲ್ ಅನ್ನೋ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಹೋಗ್ತಿದ್ರು. ಅಲ್ಲಿದ್ದ ಎಂಜಿನಿಯರ್‌ಗಳು ರೇಡಾರ್, ಕಂಟ್ರೋಲ್ ಎಲ್ಲ ಅರೆದು ಕುಡಿದವರು. ಆದ್ರೆ ಇಂಥ ಪರಿಸ್ಥಿತಿಯಲ್ಲಿ ಪೈಲಟ್ ಈ ಬಟನ್ ಒತ್ತಿದ್ರೆ ಏನಾಗುತ್ತೆ ಅಂತ ಕೇಳಿದ್ರೆ ಒಂದೇ ಉತ್ತರ ಸಿಗ್ತಿರಲಿಲ್ಲ. ಉತ್ತರ ದಪ್ಪ ದಪ್ಪ ಡಾಕ್ಯುಮೆಂಟ್‌ಗಳಲ್ಲಿ ಚೆದುರಿ ಹೋಗಿತ್ತು, ಒಂದೇ ವಿಷಯ ಬೇರೆ ಬೇರೆ ಕಡೆ ಬೇರೆ ಬೇರೆ ಮಾತಲ್ಲಿ. ಸ್ಟೇಟ್ ಮಷೀನ್ (ಸಿಸ್ಟಮ್ ಯಾವ್ಯಾವ ಸ್ಥಿತಿಯಲ್ಲಿರಬಹುದು, ಏನಾದ್ರೆ ಯಾವ ಸ್ಥಿತಿಗೆ ಹೋಗುತ್ತೆ ಅನ್ನೋ ಚಿತ್ರ) ಬರೆದು ತೋರಿಸೋಣ ಅಂದ್ರೆ ಅದೂ ಕೈ ಮೀರುತ್ತೆ, ಹತ್ತು ಸ್ವಿಚ್ ಇದೆ, ಒಂದೊಂದೂ ಆನ್ ಅಥವಾ ಆಫ್ ಅಂದ್ಕೊಳ್ಳಿ, ಎಲ್ಲ ಸೇರಿಸಿದ್ರೆ 1024 ಸ್ಟೇಟ್ ಆಗುತ್ತೆ, ಅದನ್ನ ಬರೆಯೋಕೆ ಯಾವ ಬೋರ್ಡೂ ಸಾಲಲ್ಲ. ಹರೆಲ್ ಮಾಡಿದ್ದೇನಂದ್ರೆ, ಒಂದು ಸ್ಟೇಟ್ ಒಳಗೆ ಇನ್ನೊಂದನ್ನ ಇಡೋಕೆ, ಮತ್ತೆ ಹತ್ತು ಭಾಗ ಒಂದರ ಪಕ್ಕ ಒಂದು ತಮ್ಮ ಪಾಡಿಗೆ ನಡೆಯೋಕೆ ದಾರಿ ಮಾಡಿಕೊಟ್ರು. ಆಗ ಬರೆಯಬೇಕಾದ್ದು 20 ಸ್ಟೇಟ್ ಅಷ್ಟೇ. ಇದೇ ಸ್ಟೇಟ್‌ಚಾರ್ಟ್. ಪೇಪರ್ 1987ರಲ್ಲಿ ಬಂತು, ಅದೇ ವರ್ಷ ಲಾವಿ ಪ್ರಾಜೆಕ್ಟನ್ನ ಸರ್ಕಾರ ನಿಲ್ಲಿಸಿಬಿಡ್ತು. ವಿಮಾನ ಹೋಯ್ತು, ಅದಕ್ಕೆ ಅಂತ ಮಾಡಿದ ಡಯಾಗ್ರಾಮ್ ಉಳೀತು.

ಇಲ್ಲಿ ಒಂದನ್ನ ಗಮನಿಸಿ. ಸ್ಟೇಟ್‌ಚಾರ್ಟ್‌ಗೆ ಅಂತಲೇ ಬಂದ ಸ್ಟೇಟ್‌ಮೇಟ್ ಅನ್ನೋ ಟೂಲಲ್ಲಿ ಚಿತ್ರ ಬರೀ ಚಿತ್ರ ಆಗಿರಲಿಲ್ಲ, ಓಡ್ತಿತ್ತು. ಸ್ಕ್ರೀನ್ ಮೇಲೇ ಈವೆಂಟ್ ಕೊಟ್ಟು ಯಾವ ಸ್ಟೇಟಿಗೆ ಹೋಗುತ್ತೆ ಅಂತ ನೋಡಬಹುದಿತ್ತು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ.

ಈ ಕಡೆ ಆಫೀಸ್ ಸಾಫ್ಟ್‌ವೇರ್ ಜಗತ್ತಲ್ಲಿ 90ರ ದಶಕದ ಮೊದಲ ಭಾಗ ಅಂದ್ರೆ ಬರೀ ಜಗಳ. ಆಬ್ಜೆಕ್ಟ್ ಓರಿಯೆಂಟೆಡ್ ಡಿಸೈನ್ ಮಾಡೋಕೆ ಒಬ್ಬೊಬ್ಬರದ್ದು ಒಂದೊಂದು ಮೆಥಡ್, ಕ್ಲಾಸನ್ನ ಒಬ್ರು ಮೋಡದ ಆಕಾರದಲ್ಲಿ ಬರೆದ್ರೆ ಇನ್ನೊಬ್ರು ಡಬ್ಬಿಯಲ್ಲಿ. ಗ್ರೇಡಿ ಬೂಚ್ ರ್‍ಯಾಷನಲ್ ಕಂಪನಿಯಲ್ಲಿದ್ರು, ಜೇಮ್ಸ್ ರಂಬಾ ಜನರಲ್ ಎಲೆಕ್ಟ್ರಿಕ್ ಬಿಟ್ಟು 1994ರಲ್ಲಿ ಅಲ್ಲಿಗೇ ಬಂದ್ರು, ಮಾರನೇ ವರ್ಷ ಸ್ವೀಡನ್‌ನ ಇವಾರ್ ಜೇಕಬ್ಸನ್ ಕೂಡ ಸೇರ್ಕೊಂಡ್ರು. ಮೂವರೂ ತಮ್ಮ ತಮ್ಮ ಗುರುತುಗಳನ್ನ ಒಟ್ಟು ಹಾಕಿ ಮಾಡಿದ್ದೇ ಯುಎಂಎಲ್, ಅಂದ್ರೆ ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್. 1997ರ ನವೆಂಬರಲ್ಲಿ ಓಎಂಜಿ ಅನ್ನೋ ಸ್ಟ್ಯಾಂಡರ್ಡ್ ಸಂಸ್ಥೆ 1.1 ವರ್ಷನನ್ನ ಒಪ್ಕೊಂಡ್ತು. ಜಗಳ ನಿಂತಿದ್ದು ನಿಜಕ್ಕೂ ದೊಡ್ಡ ಕೆಲಸ, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೆ ಕಮಿಟಿ ಕೂತ ಮೇಲೆ ಎಲ್ಲರಿಗೂ ಅವರವರ ಬೇಡಿಕೆ ಇರುತ್ತಲ್ಲ, ಬೆಳೀತಾ ಬೆಳೀತಾ 2.5 ಹೊತ್ತಿಗೆ 14 ಬಗೆ ಡಯಾಗ್ರಾಮ್, 700 ಪುಟ ದಾಟಿದ ಸ್ಪೆಸಿಫಿಕೇಶನ್.

ಇದರ ಮೇಲೆ 2001ರಲ್ಲಿ ಓಎಂಜಿ ಇನ್ನೊಂದು ಮಹಡಿ ಕಟ್ಟೋಕೆ ಹೋಯ್ತು. ಎಂಡಿಎ, ಅಂದ್ರೆ ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್. ಜಾವಾನೋ ಡಾಟ್‌ನೆಟ್ಟೋ ಅನ್ನೋ ತಲೆನೋವಿಲ್ಲದ ಒಂದು ಮಾಡೆಲ್ ಮೊದಲು ಬರೀರಿ, ಅದನ್ನ ಟೂಲು ಒಂದು ಪ್ಲಾಟ್‌ಫಾರಂಗೆ ಒಗ್ಗೋ ಮಾಡೆಲಾಗಿ ಬದಲಾಯಿಸುತ್ತೆ, ಅದರಿಂದ ಕೋಡ್ ಉದುರುತ್ತೆ. ನಾಳೆ ಟೆಕ್ನಾಲಜಿ ಬದಲಾದ್ರೆ ಮತ್ತೆ ಜನರೇಟ್ ಮಾಡಿದ್ರಾಯ್ತು. ಕೇಳೋಕೆ ಚೆನ್ನಾಗಿದೆ ಅಲ್ವಾ? ತಮಾಷೆ ಅಂದ್ರೆ ಅದೇ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂತು ಅಜೈಲ್ ಮ್ಯಾನಿಫೆಸ್ಟೋ ಬರೆದ್ರು, ಡಾಕ್ಯುಮೆಂಟ್‌ಗಿಂತ ಓಡೋ ಸಾಫ್ಟ್‌ವೇರ್ ಮುಖ್ಯ ಅಂತ. ಮುಂದಿನ ಹತ್ತು ವರ್ಷ ಗಾಳಿ ಬೀಸಿದ್ದು ಅಜೈಲ್ ಕಡೆಗೇ.

ಆದ್ರೆ ಅಜೈಲ್ ಬಂತು ಅಂತ ಎಂಡಿಎ ಬಿತ್ತು ಅನ್ನೋದು ನನಗೆ ಅರ್ಧ ಸತ್ಯ ಅನ್ಸುತ್ತೆ. ಒಳಗೇ ಹುಳುಕಿತ್ತು. ಕ್ಲಾಸ್ ಡಯಾಗ್ರಾಮ್‌ನಿಂದ ಬರ್ತಿದ್ದದ್ದು ಖಾಲಿ ಕ್ಲಾಸುಗಳು, ಒಂದು ಬೆಲೆಯನ್ನ ಓದೋಕೆ ಬದಲಾಯಿಸೋಕೆ ಅಂತಿರೋ ಪುಟಾಣಿ ಗೆಟರ್ ಸೆಟರ್‌ಗಳು. ಡಿಸ್ಕೌಂಟ್ ಹೆಂಗೆ ಲೆಕ್ಕ ಹಾಕ್ಬೇಕು, ಪೇಮೆಂಟ್ ಫೇಲ್ ಆದ್ರೆ ಏನ್ ಮಾಡ್ಬೇಕು ಅನ್ನೋ ನಿಜವಾದ ಕೆಲಸ ಡೆವಲಪರ್ ಕೈಯಲ್ಲೇ ಬರೀಬೇಕು. ಅದು ಜನರೇಟ್ ಆದ ಫೈಲ್ ಒಳಗೇ. ಅದಕ್ಕೆ ಟೂಲುಗಳು ಫೈಲ್ ಮಧ್ಯ ಕಾಮೆಂಟಲ್ಲಿ ಗುರುತು ಹಾಕ್ತಿದ್ವು, ಇಲ್ಲಿಂದ ಇಲ್ಲಿವರೆಗೆ ನಿಮ್ಮ ಕೋಡ್, ಇದರಾಚೆ ಮುಟ್ಟಿದ್ರೆ ಮುಂದಿನ ಸಲ ಅಳಿಸಿ ಹೋಗುತ್ತೆ ಅಂತ. ಈಗಲೂ ಎಸ್‌ಟಿಎಂ32 ಚಿಪ್‌ಗೆ ಕ್ಯೂಬ್‌ಎಂಎಕ್ಸ್‌ನಲ್ಲಿ ಪ್ರಾಜೆಕ್ಟ್ ಮಾಡಿದವರಿಗೆ ಆ ಯೂಸರ್ ಕೋಡ್ ಬಿಗಿನ್, ಯೂಸರ್ ಕೋಡ್ ಎಂಡ್ ಸಾಲುಗಳು ಚೆನ್ನಾಗಿ ಪರಿಚಯ, ಅದರ ಹೊರಗೆ ಬರೆದು ಕಳ್ಕೊಂಡವರು ನಮ್ಮಲ್ಲಿ ಕಮ್ಮಿ ಏನಿಲ್ಲ. ರಿಲೀಸ್ ಹತ್ರ ಬಂದಾಗ ರಾತ್ರಿ ಹನ್ನೊಂದಕ್ಕೆ ಬಗ್ ಸಿಕ್ಕಿದ್ರೆ ಯಾರೂ ಮಾಡೆಲ್ ತೆರೆಯಲ್ಲ, ಸೀದಾ ಕೋಡಲ್ಲೇ ಸರಿಮಾಡ್ತಾರೆ. ಹಂಗೆ ನಾಲ್ಕು ಸಲ ಆದ್ರೆ ಮಾಡೆಲ್ ಹೋದ ವರ್ಷದ ಕ್ಯಾಲೆಂಡರ್ ಥರ ಗೋಡೆ ಮೇಲೆ ಇರುತ್ತೆ ಅಷ್ಟೇ.

ಮರಿಯನ್ ಪೀಟರ್ (Marian Petre) ಅನ್ನೋ ಸಂಶೋಧಕಿ 50 ಜನ ಸಾಫ್ಟ್‌ವೇರ್ ವೃತ್ತಿಯವರನ್ನ ಮಾತಾಡಿಸಿ 2013ರಲ್ಲಿ ಪೇಪರ್ ಬರೆದ್ರು. ಅದ್ರಲ್ಲಿ 35 ಜನ ಯುಎಂಎಲ್ ಬಳಸೋದೇ ಇಲ್ಲ, ಅದ್ರಿಂದ ಕೋಡ್ ಜನರೇಟ್ ಮಾಡ್ತಿದ್ದವರು 3 ಜನ. 2016ರಲ್ಲಿ ಮೈಕ್ರೋಸಾಫ್ಟ್ ಕೂಡ ಬಳಸೋರು ತೀರಾ ಕಮ್ಮಿ ಅಂತ ವಿಷುಯಲ್ ಸ್ಟುಡಿಯೋದಿಂದ ಯುಎಂಎಲ್ ಡಿಸೈನರ್‌ಗಳನ್ನ ತೆಗೆಯೋದಾಗಿ ಹೇಳ್ತು. ಪೂರ್ತಿ ಸೋಲು ಅಂತಾನೂ ಅಲ್ಲ, ಪುಣೆಯಲ್ಲಿ ಟಿಸಿಎಸ್‌ನವರು ಮಾಸ್ಟರ್‌ಕ್ರಾಫ್ಟ್ ಅನ್ನೋ ತಮ್ಮದೇ ಟೂಲ್ ಇಟ್ಕೊಂಡು ದೊಡ್ಡ ದೊಡ್ಡ ಬಿಸಿನೆಸ್ ಅಪ್ಲಿಕೇಶನ್‌ಗಳನ್ನ ಮಾಡೆಲ್‌ನಿಂದಲೇ ಮಾಡಿದ್ರು. ಟೂಲ್ ಮಾಡೋರೂ ಬಳಸೋರೂ ಒಂದೇ ಮನೆಯವರಾಗಿದ್ದು ಅಲ್ಲಿ ಕೈ ಹಿಡಿದಿರಬೇಕು.

ಇನ್ನು ಕಾರು, ವಿಮಾನದ ಕಡೆ. ಅಲ್ಲಿ ಕಂಟ್ರೋಲ್ ಎಂಜಿನಿಯರ್‌ಗಳು ಕಂಪ್ಯೂಟರ್ ಬರೋಕ್ಕಿಂತ ಮುಂಚಿನಿಂದಲೂ ಬ್ಲಾಕ್ ಡಯಾಗ್ರಾಮಲ್ಲೇ ಯೋಚನೆ ಮಾಡ್ತಿದ್ದವರು. ಮ್ಯಾಥ್‌ವರ್ಕ್ಸ್‌ನವರ ಸಿಮ್ಯುಲಿಂಕ್ 90ರ ದಶಕದ ಶುರುವಲ್ಲಿ ಬಂದಾಗ ಅವರೇನೂ ಹೊಸ ಭಾಷೆ ಕಲೀಬೇಕಾಗಿರಲಿಲ್ಲ, ಬೋರ್ಡ್ ಮೇಲೆ ಬರೀತಿದ್ದದ್ದೇ ಸ್ಕ್ರೀನಲ್ಲಿ ಓಡೋಕೆ ಶುರುವಾಯ್ತು. ಅದರ ಜೊತೆಗಿರೋ ಸ್ಟೇಟ್‌ಫ್ಲೋ ನೋಡಿದ್ರೆ ಹರೆಲ್ ಅವರ ಸ್ಟೇಟ್‌ಚಾರ್ಟೇ. ಕ್ರೂಸ್ ಕಂಟ್ರೋಲ್ ಮಾಡ್ಬೇಕು ಅಂದ್ಕೊಳ್ಳಿ. ಕಾರಿನ ತೂಕ, ಗಾಳಿಯ ಎದುರು ಒತ್ತಡ, ರಸ್ತೆಯ ಏರು ಎಲ್ಲ ಒಂದು ಮಾಡೆಲ್, ಅದಕ್ಕೆ ಎದುರು ಕಂಟ್ರೋಲರ್ ಇನ್ನೊಂದು ಮಾಡೆಲ್. ಕಾರೇ ಇಲ್ಲದೆ ಘಾಟ್ ರಸ್ತೆ ಹತ್ತಿಸಿ ನೋಡಬಹುದು. ಸರಿ ಅನ್ಸಿದ ಮೇಲೆ ಕಂಟ್ರೋಲರ್‌ನಿಂದ ಮಾತ್ರ ಸಿ ಕೋಡ್ ತೆಗೀತಾರೆ, ಅದು ಇಸಿಯುನಲ್ಲಿ, ಅಂದ್ರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರಲ್ಲಿ, ಇಷ್ಟು ಮಿಲಿಸೆಕೆಂಡಿಗೆ ಒಂದು ಸಲ ಅಂತ ಓಡುತ್ತೆ. ತಪ್ಪು ಸಿಕ್ಕಿದ್ರೆ ಆ ಸಿ ಫೈಲನ್ನ ಮುಟ್ಟೋ ಹಂಗೇ ಇಲ್ಲ, ಮಾಡೆಲ್ ತಿದ್ದಿ ಮತ್ತೆ ಜನರೇಟ್ ಮಾಡ್ಬೇಕು. ಆಫೀಸ್ ಸಾಫ್ಟ್‌ವೇರಲ್ಲಿ ಎಂದೂ ಬರದ ಶಿಸ್ತು ಇಲ್ಲಿ ಬಂತು, ಯಾಕಂದ್ರೆ ಮಾಡೆಲಲ್ಲಿ ಕೆಲಸದ ತಿರುಳು ಪೂರ್ತಿ ಇತ್ತು, ಖಾಲಿ ಡಬ್ಬಿ ಇರಲಿಲ್ಲ.

ವಿಮಾನದಲ್ಲಿ ಇನ್ನೂ ಬಿಗಿ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಹುಟ್ಟಿದ ಲಸ್ಟರ್ ಅನ್ನೋ ಭಾಷೆ ಮೇಲೆ ಕಟ್ಟಿದ ಸ್ಕೇಡ್ ಟೂಲನ್ನ ಏರ್‌ಬಸ್ ಎ380ರ ಫ್ಲೈಟ್ ಕಂಟ್ರೋಲ್‌ಗೆ ಬಳಸಿದ್ರು. ಅದರ ಕೋಡ್ ಜನರೇಟರನ್ನೇ ವಿಮಾನದ ಸಾಫ್ಟ್‌ವೇರ್‌ಗೆ ಅಂತಿರೋ ಡಿಓ-178 ನಿಯಮದ ಪ್ರಕಾರ ಪರೀಕ್ಷೆ ಮಾಡಿ ಪಾಸ್ ಮಾಡಿಸಿಟ್ಟಿರೋದ್ರಿಂದ, ಹೊರಗೆ ಬಂದ ಕೋಡನ್ನ ಸಾಲು ಸಾಲಾಗಿ ಕೂತು ರಿವ್ಯೂ ಮಾಡೋ ಕೆಲಸ ಬಹಳಷ್ಟು ಕಮ್ಮಿಯಾಗುತ್ತೆ. ದುಡ್ಡು ಉಳಿಯೋದು ಅಲ್ಲಿ. ಮ್ಯಾನೇಜ್‌ಮೆಂಟ್ ಒಪ್ಪಿದ್ದಕ್ಕೂ ಅದೇ ಕಾರಣ ಅನ್ಕೊಳ್ತೀನಿ, ಚಿತ್ರ ಚೆನ್ನಾಗಿದೆ ಅಂತಲ್ಲ.

ಹಂಗಂತ ಇವರೇನು ಸುಖವಾಗಿಲ್ಲ. ಲೈಸೆನ್ಸ್ ದುಬಾರಿ, ಗೆರೆ ಮೇಲೆ ಗೆರೆ ಹೋಗಿ ಬ್ಲಾಕುಗಳು ಸಿಕ್ಕು ಸಿಕ್ಕಾಗಿರೋ ಮಾಡೆಲ್‌ಗಳು ಬೇಕಾದಷ್ಟಿವೆ, ಇಬ್ರು ಒಂದೇ ಮಾಡೆಲ್ ತಿದ್ದಿದ್ರೆ ಎರಡನ್ನೂ ಸೇರಿಸಿ ಮರ್ಜ್ ಮಾಡೋದು ನರಕ. ಸಾಫ್ಟ್‌ವೇರ್ ಅಷ್ಟೇ ಅಲ್ಲ, ಇಡೀ ಸಿಸ್ಟಮ್‌ನ ಮಾಡೆಲ್ ಬರೆಯೋಕೆ ಅಂತ 2007ರಲ್ಲಿ 1.0 ಬಂದ ಸಿಸ್‌ಎಂಎಲ್ ಯುಎಂಎಲ್ ಮೇಲೇ ಕಟ್ಟಿದ್ದು, ಅದರ ಭಾರವನ್ನೂ ಹೊತ್ಕೊಂಡೇ ಬಂತು. 2025ರಲ್ಲಿ ಓಎಂಜಿ ಒಪ್ಪಿದ ಸಿಸ್‌ಎಂಎಲ್ ವರ್ಷನ್ 2 ಮಾತ್ರ ಯುಎಂಎಲ್ ಕೈಬಿಟ್ಟು ಬೇರೆ ಅಡಿಪಾಯ ಹಾಕ್ಕೊಂಡಿದೆ. ಚಿತ್ರದ ಜೊತೆಗೆ ಬರೆಯೋಕೂ ಬರುತ್ತೆ, ಪಾರ್ಟ್, ಪೋರ್ಟ್, ರಿಕ್ವೈರ್‌ಮೆಂಟ್ ಎಲ್ಲ ಪ್ರೋಗ್ರಾಂ ಥರ ಟೈಪ್ ಮಾಡಬಹುದು, ಗಿಟ್‌ನಲ್ಲಿ ಇಟ್ಟು ಏನು ಬದಲಾಯ್ತು ಅಂತ ಸಾಲು ಸಾಲಾಗಿ ಡಿಫ್ ನೋಡಬಹುದು. ಇನ್ನು ವರ್ಷಗಟ್ಟಲೆ ವರ್ಷನ್ 1ರಲ್ಲಿ ಮಾಡಿಟ್ಟಿರೋ ಮಾಡೆಲ್‌ಗಳನ್ನ ಈ ಕಡೆ ತರಬೇಕು. ಆ ಕೆಲಸದಲ್ಲಿ ಬೆಂಗಳೂರಿನ ಟೀಮುಗಳಿಗೂ ಪಾಲು ಬರೋದು ಖಂಡಿತ, ಮೇಲ್ನೋಟಕ್ಕೆ ಕನ್ವರ್ಟರ್ ಒತ್ತಿದ್ರೆ ಆಯ್ತು ಅನ್ಸಿದ್ರೂ ಎರಡರ ಅಡಿಪಾಯವೇ ಬೇರೆ ಇರೋದ್ರಿಂದ ಸುಮಾರಷ್ಟನ್ನ ಕೂತು ಕೈಯಲ್ಲೇ ಸರಿಮಾಡ್ಬೇಕಾಗುತ್ತೆ.