ಮಕ್ಕಳನ್ನ ಆರಾಧನೆಯಿಂದ ಎಬ್ಬಿಸಿ ಕಳಿಸೋದು ಯಾವಾಗ ಶುರುವಾಯ್ತು?

ನಮ್ಮ ಚರ್ಚಲ್ಲಿ ಎರಡನೇ ಹಾಡು ಮುಗೀತಿದ್ದ ಹಾಗೆ ಸಂಡೇ ಸ್ಕೂಲ್ ಟೀಚರ್ ಎದ್ದು ನಿಲ್ತಾರೆ, ಮಕ್ಕಳೆಲ್ಲ ಸಾಲಾಗಿ ಪಕ್ಕದ ಹಾಲ್‌ಗೆ ಹೋಗ್ತಾರೆ, ಆಮೇಲೆ ಅಯ್ಯನವರ ಪ್ರಸಂಗ, ಪ್ರಾರ್ಥನೆ, ತಿಂಗಳ ಮೊದಲ ಭಾನುವಾರ ಆದ್ರೆ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋದು), ಎಲ್ಲಾ ಮುಗಿದು ದೊಡ್ಡವರು ಹೊರಗೆ ಬಂದಾಗ್ಲೇ ಮಕ್ಕಳು ಮತ್ತೆ ಸಿಗೋದು. ಹೋದ ವರ್ಷ ನನ್ನ ತಂಗಿ ಮಗಳು, ಏಳು ವರ್ಷ ಅವಳಿಗೆ, "ದೊಡ್ಡಮ್ಮ, ನಾವು ಹೋದ್ಮೇಲೆ ಒಳಗೆ ನೀವೆಲ್ಲ ಏನ್ ಮಾಡ್ತೀರ?" ಅಂತ ಕೇಳಿದ್ಲು. ಹುಟ್ಟಿದಾಗಿಂದ ಚರ್ಚಿಗೆ ಬರ್ತಿರೋ ಮಗು ಅದು, ಒಂದೇ ಒಂದು ಪೂರ್ತಿ ಆರಾಧನೆ ನೋಡಿಲ್ಲ. ನನಗೆ ತುಂಬಾ ಬೇಜಾರಾಯ್ತು.

ಇದು ಮೊದಲಿಂದ್ಲೂ ಹೀಗೇ ಇದೆ ಅಂತ ಬಹಳ ಜನ ಅಂದ್ಕೊಂಡಿದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಇಲ್ಲ.

ಬೈಬಲ್ಲಿಂದ್ಲೇ ಶುರು ಮಾಡೋಣ. ಧರ್ಮೋಪದೇಶಕಾಂಡ 31ರಲ್ಲಿ ಮೋಶೆ, ಧರ್ಮಶಾಸ್ತ್ರ ಓದೋವಾಗ ಗಂಡಸರು ಹೆಂಗಸರು ಮಕ್ಕಳು ಎಲ್ಲರನ್ನೂ ಕೂಡಿಸಿ ಅಂತಾನೆ. ಪ್ರವಾದಿ ಯೋವೇಲ ಉಪವಾಸದ ಸಭೆಗೆ ಮೊಲೆ ಕುಡಿಯೋ ಕೂಸನ್ನೂ ಬಿಡದೆ ಕರೀತಾನೆ. ಇನ್ನು ಪೌಲನ ಎಫೆಸ ಮತ್ತು ಕೊಲೊಸ್ಸೆ ಪತ್ರಗಳು, ಇವು ಸಭೆ ಕೂಡಿದಾಗ ಗಟ್ಟಿಯಾಗಿ ಓದ್ಲಿ ಅಂತ ಬರೆದ ಕಾಗದಗಳು, ಅದರ ನಡುವೆ "ಮಕ್ಕಳೇ" ಅಂತ ನೇರವಾಗಿ ಅವರನ್ನೇ ಕರೆದು ಮಾತಾಡ್ತಾನೆ. ಮಕ್ಕಳು ಪಕ್ಕದ ರೂಮಲ್ಲಿ ಚಿತ್ರಕ್ಕೆ ಬಣ್ಣ ಹಚ್ತಾ ಕೂತಿದ್ರೆ ಹಾಗೆ ಯಾರಾದ್ರೂ ಬರೀತಾರಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ 4ನೇ ಶತಮಾನದ್ದು. ಎಜೀರಿಯಾ ಅನ್ನೋ ಹೆಣ್ಣುಮಗಳು ಸುಮಾರು 381ರಿಂದ 384ರ ಹೊತ್ತಲ್ಲಿ ಜೆರೂಸಲೇಮಿಗೆ ಯಾತ್ರೆ ಹೋಗಿ, ಅಲ್ಲಿ ಆರಾಧನೆ ಹೇಗೆ ನಡೀತಿತ್ತು ಅಂತ ತನ್ನ ಊರಿನ ಅಕ್ಕತಂಗೇರಿಗೆ ಕಾಗದ ಬರೆದಿದಾಳೆ. ಸಂಜೆ ಪ್ರಾರ್ಥನೇಲಿ ಡೀಕನ್ (ಪಾದ್ರಿಗೆ ನೆರವಾಗೋ ಸಭಾಸೇವಕ) ಒಬ್ಬೊಬ್ಬರ ಹೆಸರು ಓದ್ತಾ ಹೋಗ್ತಾನೆ, ಪ್ರತಿ ಹೆಸರಿಗೂ ಅಲ್ಲಿ ನಿಂತಿರೋ ತುಂಬಾ ಜನ ಸಣ್ಣ ಮಕ್ಕಳು "ಕೀರಿಯೆ ಎಲೆಯಿಸೋನ್", ಅಂದ್ರೆ ಕರ್ತನೇ ಕರುಣಿಸು, ಅಂತ ಒಟ್ಟಿಗೆ ಕೂಗ್ತಾರೆ, ಅವರ ದನಿಗೆ ಕೊನೇನೇ ಇಲ್ಲ ಅಂತಾಳೆ. ಇವತ್ತಿಗೂ ಪೂಜೇಲಿ ನಾವು ಹೇಳೋ ಅದೇ ಮಾತು, ಅದನ್ನ ಅಲ್ಲಿ ಹೇಳ್ತಿದ್ದಿದ್ದು ಮಕ್ಕಳು! ಗರಿಗಳ ಭಾನುವಾರ ಎಣ್ಣೇಮರಗಳ ಗುಡ್ಡದಿಂದ ಇಳಿಯೋ ಮೆರವಣಿಗೇಲಿ ನಡೆಯೋಕೆ ಬಾರದ ಕೂಸುಗಳನ್ನೂ ಅಪ್ಪ ಅಮ್ಮ ಹೆಗಲ ಮೇಲೆ ಕೂರಿಸ್ಕೊಂಡು ಬರ್ತಿದ್ರಂತೆ, ಎಲ್ಲರ ಕೈಲೂ ಖರ್ಜೂರದ ಗರಿ ಇಲ್ಲಾ ಆಲಿವ್ ರೆಂಬೆ. ಅದಕ್ಕೂ ಮುಂಚೆ 251ರಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದಿರೋದ್ರಲ್ಲಿ, ಡೀಕನ್ ಒಂದು ಕೂಸಿನ ಬಾಯಿಗೆ ಕರ್ತನ ಪಾತ್ರೆ ಹಿಡಿಯೋ ಪ್ರಸಂಗ ಬರುತ್ತೆ. ಅಂದ್ರೆ ಮಕ್ಕಳು ಸುಮ್ನೆ ಜೊತೆಗೆ ಇರ್ತಿರ್ಲಿಲ್ಲ, ಪಾಲು ತಗೋತಿದ್ರು.

ಆಮೇಲೆ ಪಶ್ಚಿಮದ ಸಭೇಲಿ, ಅಂದ್ರೆ ರೋಮಿನ ಪೋಪ್ ಕೆಳಗಿನ ಚರ್ಚಲ್ಲಿ, ಇದು ನಿಧಾನಕ್ಕೆ ಕಳಚ್ಕೊಂಡಿತು. ಕೂಸುಗಳಿಗೆ ರೊಟ್ಟಿ ನುಂಗೋಕೆ ಆಗಲ್ಲ ಅಂತ ದ್ರಾಕ್ಷಾರಸದ ಹನಿ ಕೊಡ್ತಿದ್ರು, 12-13ನೇ ಶತಮಾನದ ಹೊತ್ತಿಗೆ ಪಾತ್ರೆ ಪಾದ್ರಿಗಳಿಗೆ ಮಾತ್ರ ಅಂತಾದಾಗ ಕೂಸುಗಳ ಪಾಲೂ ಅದರ ಜೊತೇಲೇ ಹೋಯ್ತು. 1215ರಲ್ಲಿ ರೋಮಲ್ಲಿ ಕೂಡಿದ ಲ್ಯಾಟರನ್ ಮಹಾಸಭೆ ಬುದ್ಧಿ ಬಂದ ವಯಸ್ಸಿನಿಂದ ವರ್ಷಕ್ಕೆ ಒಂದು ಸಲ ಕರ್ತನ ಭೋಜನದ ಪ್ರಸಾದ ತಗೋಬೇಕು ಅಂತು, ಆ ವಯಸ್ಸು ಎಷ್ಟೋ ಕಡೆ ಹತ್ತು, ಹನ್ನೆರಡು, ಇನ್ನೂ ಜಾಸ್ತಿ ಅಂತ ಮುಂದಕ್ಕೆ ಹೋಗ್ತಾ ಇತ್ತು, ಕೊನೆಗೆ 1910ರಲ್ಲಿ ಪೋಪ್ ಹತ್ತನೇ ಪಯಸ್ ಅದನ್ನ ಸುಮಾರು ಏಳಕ್ಕೆ ಇಳಿಸಿದ್ರು. ನಮ್ಮ ಕ್ಯಾಥೋಲಿಕ್ ಮನೆಗಳಲ್ಲಿ ಬಿಳಿ ಫ್ರಾಕ್ ಹಾಕ್ಕೊಂಡು ಪ್ರಥಮ ಪರಮಪ್ರಸಾದ ತಗೊಳ್ಳೋ ಪುಟಾಣಿಗಳು ಆ ತೀರ್ಮಾನದ ಫಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಹಳೇದನ್ನ ಬಿಡ್ಲೇ ಇಲ್ಲ. ಕೇರಳದ ಆರ್ಥೊಡಾಕ್ಸ್ ಸಭೇಲಾಗ್ಲಿ, ಅದರ ಜೊತೆ ಸೇರಿರೋ ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದವರಲ್ಲಾಗ್ಲಿ, ದೀಕ್ಷಾಸ್ನಾನ ಆದ ಕೂಸಿಗೆ ಪ್ರಸಾದ ಉಂಟು.

ಈಗ ಸಂಡೇ ಸ್ಕೂಲ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಗಂಟು ಇರೋದು ಇಲ್ಲಿ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೈಕ್ಸ್ ಅನ್ನೋ ಪತ್ರಿಕೆಯವರು ಇದನ್ನ ಶುರು ಮಾಡಿದ್ರು. ಅಲ್ಲಿ ಗುಂಡುಪಿನ್ನು ಮಾಡೋ ಕಾರ್ಖಾನೆಗಳಲ್ಲಿ ಮಕ್ಕಳು ವಾರಕ್ಕೆ ಆರು ದಿನ ದುಡೀತಿದ್ರು, ಭಾನುವಾರ ಒಂದೇ ಬಿಡುವು, ಆವತ್ತು ಬೀದಿ ತುಂಬಾ ಗಲಾಟೆ. ಅವರಿಗೆ ಓದೋದು ಕಲಿಸ್ಬೇಕು ಅನ್ನೋದು ರೈಕ್ಸ್ ಆಸೆ. ಅವರೇ ಬರೆದಿಟ್ಟಿರೋ ಪ್ರಕಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಪಾಠ, ಮಧ್ಯಾಹ್ನ ಒಂದಕ್ಕೆ ವಾಪಸ್ ಬಂದು ಒಂದು ಪಾಠ ಓದಿ, ಆಮೇಲೆ ಮಕ್ಕಳನ್ನೆಲ್ಲ ಚರ್ಚಿಗೆ ಕರ್ಕೊಂಡು ಹೋಗೋದು, ಚರ್ಚ್ ಮುಗಿದ್ಮೇಲೆ ಸಂಜೆ ಐದು ದಾಟೋವರೆಗೆ ಪ್ರಶ್ನೋತ್ತರ ಬಾಯಿಪಾಠ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಬೀದೀಲಿದ್ದ ಮಕ್ಕಳನ್ನ ಆರಾಧನೆಗೆ ಕರ್ಕೊಂಡು ಹೋಗೋಕೆ ಹುಟ್ಟಿದ ಸಂಡೇ ಸ್ಕೂಲು, ಇವತ್ತು ಆರಾಧನೇಲಿ ಕೂತಿರೋ ಮಕ್ಕಳನ್ನ ಎಬ್ಬಿಸ್ಕೊಂಡು ಹೋಗ್ತಿದೆ.

ಹೀಗೆ ತಿರುಗಿದ್ದಕ್ಕೆ ಕಾರಣ ಒಂದೇ ಅಲ್ಲ. 1870ರಲ್ಲಿ ಇಂಗ್ಲೆಂಡಲ್ಲಿ ಶಿಕ್ಷಣ ಕಾಯ್ದೆ ಬಂದ್ಮೇಲೆ ಓದು ಬರಹ ವಾರದ ದಿನದ ಸ್ಕೂಲಿಗೆ ಹೋಯ್ತು, ಸಂಡೇ ಸ್ಕೂಲಿಗೆ ಉಳಿದಿದ್ದು ಬೈಬಲ್ ಪಾಠ ಮಾತ್ರ. ಅದೇ ಹೊತ್ತಿಗೆ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಲ್ಲಿ ಲೂಯಿಸ್ ಮಿಲ್ಲರ್ ಅನ್ನೋರು (ಬೇಸಾಯದ ಯಂತ್ರ ಮಾಡ್ತಿದ್ದವರು, ಮುಂದೆ ಎಡಿಸನ್‌ಗೆ ಹೆಣ್ಣು ಕೊಟ್ಟ ಮಾವ) ವಯಸ್ಸಿಗೆ ತಕ್ಕಂತೆ ಮಕ್ಕಳನ್ನ ಕೂರಿಸೋಕೆ ನಡುವೆ ಒಂದು ದೊಡ್ಡ ಹಾಲು, ಸುತ್ತ ಸಣ್ಣ ಸಣ್ಣ ರೂಮು ಇರೋ ಕಟ್ಟಡ ಕಟ್ಟಿಸಿದ್ರು, ಆ ನಕ್ಷೆ ಅಮೆರಿಕ ತುಂಬಾ ಹಬ್ಬಿತು. ವಯಸ್ಸಿಗೊಂದು ರೂಮು ಅಂತ ಗೋಡೆ ಎದ್ಮೇಲೆ ಆ ಗೋಡೆ ನಮ್ಮ ತಲೇಲೂ ಎದ್ದುಬಿಡುತ್ತೆ ಅಂತ ನನಗೆ ಅನ್ಸುತ್ತೆ. 20ನೇ ಶತಮಾನದಲ್ಲಿ ಎಷ್ಟೋ ಚರ್ಚುಗಳು ಸಂಡೇ ಸ್ಕೂಲನ್ನ ಆರಾಧನೆ ಟೈಮಿಗೇ ಇಟ್ಕೊಂಡ್ವು, ದೊಡ್ಡವರು ಇಲ್ಲಿ, ಮಕ್ಕಳು ಅಲ್ಲಿ.

ವಾಪಸ್ ಕರೆಯೋ ಕೆಲಸಾನೂ ನಡೆದಿದೆ. ಅಮೆರಿಕದ ಎಪಿಸ್ಕೋಪಲ್ ಸಭೆ 1970ರಲ್ಲಿ ದೃಢೀಕರಣ (ದೀಕ್ಷಾಸ್ನಾನ ಆದವರು ಬೆಳೆದ್ಮೇಲೆ ತಮ್ಮ ನಂಬಿಕೇನ ತಾವೇ ಒಪ್ಕೊಳ್ಳೋ ವಿಧಿ) ಆಗದ ಮಕ್ಕಳಿಗೂ ಕರ್ತನ ಮೇಜು ತೆರೀತು, 1973ರಲ್ಲಿ ರೋಮ್ ಮಕ್ಕಳು ಇರೋ ಬಲಿಪೂಜೆ ಹೇಗಿರ್ಬೇಕು ಅಂತ ಮಾರ್ಗಸೂಚಿ ಕೊಡ್ತು.

ಆದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು, ಸೆಪ್ಟೆಂಬರಲ್ಲಿ ಮಂಗಳೂರಿಗೆ ಹೋಗಿ ನೋಡಿ. ಮರಿಯಮ್ಮ ಹುಟ್ಟಿದ ಹಬ್ಬ ಮೊಂತಿ ಫೆಸ್ತ್‌ಗೆ ಮುಂಚೆ ನೊವೆನಾ ಪ್ರಾರ್ಥನೆ ನಡೆಯೋ ಒಂಬತ್ತು ದಿನ ಮಕ್ಕಳು ಬುಟ್ಟೀಲಿ ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸ್ತಾರೆ, 8ನೇ ತಾರೀಕು ಹೊಸ ತೆನೆ ಆಶೀರ್ವಾದ. ಅಲ್ಲಿ ಯಾರೂ ಮಕ್ಕಳನ್ನ ಹಾಲ್‌ಗೆ ಕಳಿಸಲ್ಲ, ಕಳಿಸಿದ್ರೆ ಹಬ್ಬಾನೇ ನಡೆಯಲ್ಲ.

ಸಂಡೇ ಸ್ಕೂಲ್ ಬೇಡ ಅಂತ ನಾನು ಹೇಳ್ತಿಲ್ಲ, ನಾನೇ ಹನ್ನೊಂದು ವರ್ಷ ಟೀಚರ್ ಆಗಿದ್ದೆ, ಮಕ್ಕಳಿಗೆ ಅವರ ಮಟ್ಟಕ್ಕೆ ಕಥೆ ಹೇಳೋದು ಬೇಕೇ ಬೇಕು. ವಾರವೆಲ್ಲ ದಣಿದ ತಾಯಂದಿರಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತಾನೂ ಗೊತ್ತು, ಅಳೋ ಮಗು ಎತ್ಕೊಂಡು ಕೂತವರ ಕಡೆ ಇಡೀ ಸಭೆ ತಿರುಗಿ ನೋಡೋದು ನಿಲ್ಲದೆ ಅವರನ್ನ ಒಳಗೇ ಕೂತ್ಕೊಳ್ಳಿ ಅನ್ನೋದು ನ್ಯಾಯ ಅಲ್ಲ. ನಾನು ಕೇಳೋದು ಪಾಠ ಬೇರೆ ಹೊತ್ತಲ್ಲಿ ಇರ್ಲಿ, ಆರಾಧನೆಗೆ ಮೊದಲು ಆಗ್ಲಿ, ಆಮೇಲೆ ಆಗ್ಲಿ.

ನಮ್ಮ ಕಮಿಟೀಲಿ ಎರಡು ಮೀಟಿಂಗ್ ಆಗಿ ಜೂನಿಂದ ತಿಂಗಳ ಮೊದಲ ಭಾನುವಾರ ಮಕ್ಕಳು ಒಳಗೇ ಇರ್ಬೇಕು ಅಂತ ತೀರ್ಮಾನ ಆಯ್ತು. ಮೊದಲ ಸಲ ಗದ್ದಲ ಇತ್ತು, ಒಂದು ಮಗು ಬೆಂಚಿಂದ ಬಿತ್ತು, ಇಬ್ಬರು ಹಿರಿಯರು ಮುಖ ಗಂಟು ಹಾಕ್ಕೊಂಡ್ರು. ನನ್ನ ತಂಗಿ ಮಗಳು ಕಾಣಿಕೆ ಚೀಲ ಹಿಡ್ಕೊಂಡು ಪ್ರತಿ ಸಾಲಿಗೂ ಹೋದ್ಲು, ಕರ್ತನ ಭೋಜನದ ಹೊತ್ತಲ್ಲಿ ನನ್ನ ಪಕ್ಕ ಮೊಣಕಾಲೂರಿ ರೊಟ್ಟಿ ಮುರಿಯೋದನ್ನ ನೋಡಿದ್ಲು, ಮನೆಗೆ ಬರೋ ದಾರೀಲಿ "ನನಗ್ಯಾಕೆ ಕೊಡ್ಲಿಲ್ಲ?" ಅಂತ ಕೇಳಿದ್ಲು. ಮುಂದಿನ ಮೀಟಿಂಗಿಗೆ ಆ ಪ್ರಶ್ನೇನ ಬರೆದು ಕೊಟ್ಟಿದೀನಿ.