ಐರ್ಲೆಂಡಿನ ಎಂಟನೇ ತಿದ್ದುಪಡಿ ತೆರವಾಗಲು ಮೂವತ್ತೈದು ವರ್ಷ ಹಿಡಿದದ್ದೇಕೆ

2018ರ ಮೇ ತಿಂಗಳ ಕೊನೆಯಲ್ಲಿ ಡಬ್ಲಿನ್ನಿನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಹಾಲಪ್ಪನವರ ಚಿತ್ರದ ಸುತ್ತ ಜನರು ಬಣ್ಣದ ಚೀಟಿಗಳನ್ನು ಅಂಟಿಸಿದ್ದರು. ಹಲವು ಚೀಟಿಗಳಲ್ಲಿ ಇದ್ದದ್ದು ಕ್ಷಮೆಯ ಮಾತು. ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾದ ಈ ಕನ್ನಡತಿ ಗರ್ಭಪಾತಕ್ಕೆ ಒಪ್ಪಿಗೆ ಸಿಗದೆ 2012ರಲ್ಲಿ ತೀರಿಕೊಂಡರು; ಆ ಸಾವು ಗರ್ಭಪಾತವನ್ನು ತಡೆದಿದ್ದ ಐರ್ಲೆಂಡಿನ ಸಂವಿಧಾನವನ್ನೇ ಬದಲಿಸಿತೆಂದು ನಾವು ಹೇಳಿಕೊಳ್ಳುತ್ತೇವೆ. ಅದು ಸುಳ್ಳಲ್ಲ, ಆದರೆ ಆ ಸಾವಿಗೆ ಬಹಳ ಮೊದಲೇ ಶುರುವಾಗಿದ್ದ ಜಗ್ಗಾಟವನ್ನು ಬಿಟ್ಟು ಹೇಳಿದರೆ ಅರ್ಧ ಕತೆ ಮಾತ್ರ ಉಳಿಯುತ್ತದೆ.

ಗರ್ಭಪಾತ ಅಲ್ಲಿ ಬ್ರಿಟಿಷರ 1861ರ ಕಾಯ್ದೆಯ ಪ್ರಕಾರ ಮೊದಲೇ ಅಪರಾಧವಾಗಿತ್ತು. ಆದರೂ ಅಮೆರಿಕದಲ್ಲಿ ಆದಂತೆ ನ್ಯಾಯಾಲಯವೇ ಅದಕ್ಕೆ ದಾರಿ ತೆರೆದೀತೆಂಬ ಭಯದಿಂದ 1981ರಲ್ಲಿ ಗರ್ಭಪಾತ ವಿರೋಧಿಗಳು ಸಂಘಟಿತರಾಗಿ ರಾಜಕೀಯ ಪಕ್ಷಗಳ ಬೆನ್ನು ಹತ್ತಿದರು. 1983ರ ಜನಮತ ಸಂಗ್ರಹದಲ್ಲಿ ಶೇ 66.9ರಷ್ಟು ಮತಗಳು ಪರವಾಗಿ ಬಿದ್ದು, ತಾಯಿಯ ಮತ್ತು ಹುಟ್ಟಲಿರುವ ಮಗುವಿನ ಬದುಕುವ ಹಕ್ಕು ಸಮಾನವೆಂಬ ಎಂಟನೇ ತಿದ್ದುಪಡಿ ಸಂವಿಧಾನ ಸೇರಿತು. ಸರ್ಕಾರದ ಮೇಲೆ ಒತ್ತಡ ಹೇರುವ ಕಲೆಯನ್ನು ಮೊದಲು ಕರಗತ ಮಾಡಿಕೊಂಡವರು ನಿರ್ಬಂಧ ಬೇಡಿದವರೇ ಎಂಬುದನ್ನು ಮರೆಯಬಾರದು.

1992ರಲ್ಲಿ ಈ ಸಮಾನತೆಯ ಅರ್ಥ ಬಯಲಾಯಿತು. ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಹದಿನಾಲ್ಕು ವರ್ಷದ ಹುಡುಗಿಯನ್ನು ಇಂಗ್ಲೆಂಡಿಗೆ ಕರೆದೊಯ್ಯುವ ಮೊದಲು, ಭ್ರೂಣದ ಅಂಶ ಆರೋಪಿಯ ವಿರುದ್ಧ ಸಾಕ್ಷ್ಯವಾದೀತೇ ಎಂದು ಹೆತ್ತವರು ಪೊಲೀಸರನ್ನು ಕೇಳಿದರು. ಆ ಪ್ರಶ್ನೆಯೇ ಅವರಿಗೆ ಮುಳುವಾಯಿತು: ಅಟಾರ್ನಿ ಜನರಲ್ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಬೀದಿಗಳಲ್ಲಿ ಪ್ರತಿಭಟನೆ ಎದ್ದಿತು. ಹುಡುಗಿ ಆತ್ಮಹತ್ಯೆ ಮಾಡಿಕೊಳ್ಳುವ ಅಪಾಯವಿದೆಯೆಂದು ಒಪ್ಪಿದ ಸುಪ್ರೀಂ ಕೋರ್ಟ್ ತಡೆಯನ್ನು ತೆರವು ಮಾಡಿತು. ಅದೇ ವರ್ಷ ಸರ್ಕಾರ, ಯುರೋಪಿನ ಕಾನೂನು ಈ ತಿದ್ದುಪಡಿಯನ್ನು ಮುಟ್ಟದಂತೆ ಐರೋಪ್ಯ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ವಿಶೇಷ ಷರತ್ತೊಂದನ್ನು ಸೇರಿಸಿಕೊಂಡಿತ್ತು. ವರ್ಷದ ಕೊನೆಗೆ, ಹೊರದೇಶಕ್ಕೆ ಹೋಗಲು ಮತ್ತು ಅಲ್ಲಿನ ಸೇವೆಯ ಮಾಹಿತಿ ಪಡೆಯಲು ಜನರು ಮತ ಹಾಕಿ ಅನುಮತಿ ಕೊಟ್ಟರು. ಸಮಸ್ಯೆಯನ್ನು ಹಡಗು ಹತ್ತಿಸಿ ಕಳಿಸುವ ವ್ಯವಸ್ಥೆ ಹೀಗೆ ಗಟ್ಟಿಯಾಯಿತು; 1980ರಿಂದ 2016ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನ ಆಸ್ಪತ್ರೆಗಳಲ್ಲಿ ಐರಿಷ್ ವಿಳಾಸ ಕೊಟ್ಟು ಗರ್ಭಪಾತ ಮಾಡಿಸಿಕೊಂಡ ಮಹಿಳೆಯರು ಸುಮಾರು 1,70,000.

ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತ ಮಾಡಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ ಗುರುತಿಸಿದ ಹಕ್ಕಿಗೆ ಕಾನೂನಿನ ರೂಪ ಕೊಡುವ ಧೈರ್ಯ ಮಾತ್ರ ಯಾವ ಸರ್ಕಾರಕ್ಕೂ ಬರಲಿಲ್ಲ. 2010ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿದ್ದ ಮಹಿಳೆಯೊಬ್ಬರ ದೂರಿನಲ್ಲಿ ಇದೇ ಲೋಪಕ್ಕಾಗಿ ಐರ್ಲೆಂಡನ್ನು ತಪ್ಪಿತಸ್ಥವೆಂದಿತು. ಉತ್ತರವಾಗಿ ತಜ್ಞರ ಸಮಿತಿ ರಚನೆಯಾಯಿತು. ಸಮಿತಿ ವರದಿ ಬರೆಯುತ್ತಿದ್ದ ಹೊತ್ತಿನಲ್ಲೇ, 2012ರ ಅಕ್ಟೋಬರ್ 21ರಂದು, 17 ವಾರದ ಗರ್ಭಿಣಿ ಸವಿತಾ ಗಾಲ್ವೇಯ ಆಸ್ಪತ್ರೆಗೆ ದಾಖಲಾದರು.

ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಭ್ರೂಣದ ಎದೆಬಡಿತ ಮಾತ್ರ ನಿಂತಿರಲಿಲ್ಲ. ಗರ್ಭ ತೆಗೆಯಿರೆಂಬ ಕೋರಿಕೆಗೆ ಒಪ್ಪಿಗೆ ಸಿಗಲಿಲ್ಲ, ನಂಜು ಮೈಯೆಲ್ಲ ಏರಿತು, 28ರಂದು ಅವರು ತೀರಿಕೊಂಡರು. ಇದು ಕ್ಯಾಥೊಲಿಕ್ ದೇಶವೆಂದು ತಾನು ಸವಿತಾ ಅವರಿಗೆ ಹೇಳಿದ್ದು ನಿಜವೆಂದು ಸೂಲಗಿತ್ತಿಯೊಬ್ಬರು ಮರುವರ್ಷದ ವಿಚಾರಣೆಯಲ್ಲಿ ಒಪ್ಪಿಕೊಂಡರು. ಭಾರತದ 1971ರ ಕಾಯ್ದೆಯಡಿ ಅದೇ 17 ವಾರದಲ್ಲಿ ಬೆಳಗಾವಿಯ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಸಾಕಾಗುತ್ತಿತ್ತು. ಸುದ್ದಿ ನವೆಂಬರಿನಲ್ಲಿ ಹೊರಬಿದ್ದಾಗ ಡಬ್ಲಿನ್, ಲಂಡನ್, ದೆಹಲಿಗಳಲ್ಲಿ ಜನ ಬೀದಿಗಿಳಿದರು. ಭಾರತದ ವಿದೇಶಾಂಗ ಸಚಿವಾಲಯ ಐರಿಷ್ ರಾಯಭಾರಿಯನ್ನು ಕರೆಸಿ ಕಳವಳ ತಿಳಿಸಿತು.

ಆದರೂ 2013ರ ಕಾಯ್ದೆ, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಅನುಮತಿ ಕೊಟ್ಟು, ಮೀರಿದವರಿಗೆ 14 ವರ್ಷದವರೆಗೆ ಜೈಲು ವಿಧಿಸಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2016ರಲ್ಲಿ ಇನ್ನೊಂದು ದೂರನ್ನು ಎತ್ತಿಹಿಡಿಯಿತು. ಬದುಕುಳಿಯಲಾರದ ಭ್ರೂಣ ಹೊತ್ತು ಲಿವರ್‌ಪೂಲಿಗೆ ಹೋಗಿಬಂದ ಆ ತಾಯಿಗೆ ಮೂರು ವಾರದ ನಂತರ ಮಗುವಿನ ಚಿತಾಭಸ್ಮ ಕೊರಿಯರಿನಲ್ಲಿ ಬಂದಿತ್ತು. ಇದು ಕ್ರೂರ, ಅಮಾನವೀಯ ನಡವಳಿಕೆಯೆಂದು ಸಮಿತಿ ಹೇಳಿತು. ಸರ್ಕಾರ 30,000 ಯೂರೊ ಪರಿಹಾರ ಕೊಟ್ಟಿತು. ಇಂಥ ಸಮಿತಿಗಳ ಕೈಯಲ್ಲಿ ಬೆತ್ತವಿರುವುದಿಲ್ಲ. ಅವುಗಳ ತೀರ್ಪನ್ನು ಬೀದಿಯಲ್ಲಿ, ಸಂಸತ್ತಿನಲ್ಲಿ ಮತ್ತೆಮತ್ತೆ ಓದಿ ಹೇಳುವವರು ಒಳಗೇ ಇದ್ದಾಗ ಮಾತ್ರ ಅವು ಚುರುಕು ಮುಟ್ಟಿಸುತ್ತವೆ, ಮತ್ತು ಐರ್ಲೆಂಡಿನಲ್ಲಿ ಅಂಥ ಸಂಘಟನೆಗಳು ಅಷ್ಟರಲ್ಲಿ ಊರೂರಲ್ಲಿ ಬೇರುಬಿಟ್ಟಿದ್ದವು.

ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯರ ನಾಗರಿಕ ಸಭೆ 2017ರಲ್ಲಿ ಬದಲಾವಣೆಗೆ ಶಿಫಾರಸು ಮಾಡಿತು. 2018ರ ಮೇ 25ರಂದು, ವಿದೇಶಗಳಿಂದ ವಿಮಾನ ಹಿಡಿದು ಬಂದವರೂ ಸೇರಿ, ಶೇ 66.4ರಷ್ಟು ಮತದಾರರು ತಿದ್ದುಪಡಿಯನ್ನು ಕಿತ್ತುಹಾಕಿದರು. ಇಲ್ಲವೆಂದ ಕ್ಷೇತ್ರ ಡೊನೆಗಾಲ್ ಒಂದೇ. ಬೆಳಗಾವಿಯಿಂದ ಸವಿತಾ ಅವರ ಹೆತ್ತವರೂ ಹೌದೆನ್ನಿರೆಂದು ಕೇಳಿಕೊಂಡಿದ್ದರು, ಕಾಯ್ದೆಗೆ ಮಗಳ ಹೆಸರಿಡಬೇಕೆಂದೂ ಬಯಸಿದ್ದರು. ಆ ಹೆಸರು ಅದರಲ್ಲಿಲ್ಲ. 2019ರ ಜನವರಿ 1ರಿಂದ ಜಾರಿಯಲ್ಲಿರುವ ಕಾಯ್ದೆ 12 ವಾರದವರೆಗೆ ಕಾರಣ ಕೇಳದೆ ಅವಕಾಶ ಕೊಡುತ್ತದೆ, ಜೊತೆಗೆ ಮೂರು ದಿನ ಕಾಯುವಂತೆಯೂ ವಿಧಿಸಿತು. ಗಡುವು ದಾಟಿದ ಕೆಲವರು ಅದರ ನಂತರವೂ ಇಂಗ್ಲೆಂಡಿನ ದಾರಿ ಹಿಡಿದಿದ್ದಾರೆ.