ಯುದ್ಧವನ್ನು ಒಪ್ಪದೆ, ಯುದ್ಧಕ್ಕೆ ಹೋದ ತಮ್ಮನ ಜೊತೆ ನಿಲ್ಲುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ಸೈನಿಕ. ಕೆಲವು ತಿಂಗಳ ಹಿಂದೆ ಅವನ ತುಕಡಿಯನ್ನು ಯುದ್ಧಕ್ಕೆ ಕಳುಹಿಸಿದರು. ಈ ಯುದ್ಧ ಬೇಕಿತ್ತೇ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ. ಅವನು ಫೋನ್ ಮಾಡಿದಾಗ ಹುರಿದುಂಬಿಸಿದರೆ ನನ್ನ ಮನಸ್ಸಾಕ್ಷಿಗೆ ಮೋಸ, ಸುಮ್ಮನಿದ್ದರೆ ಅವನಿಗೆ ಮೋಸ ಎನ್ನಿಸುತ್ತದೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಸಂಕಟದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಯುದ್ಧಕ್ಕೆ ಇಳಿದದ್ದು ಸರಿಯೇ ಎಂಬುದು ಒಂದು, ಯುದ್ಧದಲ್ಲಿರುವವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಇನ್ನೊಂದು. ಅಂತರರಾಷ್ಟ್ರೀಯ ಕಾನೂನು ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. 1949ರ ಜಿನೀವಾ ಒಪ್ಪಂದಗಳು ಯುದ್ಧಕೈದಿಗೆ ಕೊಡುವ ರಕ್ಷಣೆ ಅವನ ದೇಶದ ಪಕ್ಷ ನ್ಯಾಯದ್ದೋ ಅಲ್ಲವೋ ಎಂಬುದನ್ನು ಅವಲಂಬಿಸಿಲ್ಲ. ಯುದ್ಧ ಹೂಡಿದ ತೀರ್ಮಾನದ ಹೊಣೆಯನ್ನು ಸಾಮಾನ್ಯ ಸೈನಿಕನ ಹೆಗಲಿಗೆ ಅವು ಹೊರಿಸುವುದಿಲ್ಲ. ಹಾಗೆಂದು ಸೈನಿಕ ಎಲ್ಲದರಿಂದಲೂ ಮುಕ್ತನೆಂದಲ್ಲ. ಮೇಲಿನವರ ಆದೇಶವಿತ್ತು ಎಂಬ ಒಂದೇ ಮಾತು ಯುದ್ಧಾಪರಾಧದಿಂದ ಪಾರುಮಾಡಲಾರದೆಂದು, ಜರ್ಮನಿಯ ನಾಜಿ ನಾಯಕರ ಮೇಲೆ 1945-46ರಲ್ಲಿ ನಡೆದ ನ್ಯೂರೆಂಬರ್ಗ್ ವಿಚಾರಣೆ ಸ್ಪಷ್ಟಪಡಿಸಿತು. ಅಂದರೆ ನಿಮ್ಮ ತಮ್ಮ ತನ್ನ ನಡತೆಗೆ ಉತ್ತರ ಹೇಳಬೇಕಾದವನು, ಆಳುವವರ ತೀರ್ಮಾನಕ್ಕಲ್ಲ. ನಿಮ್ಮ ಅನುಮಾನವಿರುವುದು ಆ ತೀರ್ಮಾನದ ಮೇಲೆ.

ಈ ಗೆರೆ ಅಳಿಸಿಹೋದರೆ ಏನಾಗುತ್ತದೆಂಬುದಕ್ಕೆ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರೇ ಸಾಕ್ಷಿ. ಕಡ್ಡಾಯ ಭರ್ತಿಯಿಂದಾಗಿ ಹೋದವರೂ ಅವರಲ್ಲಿದ್ದರು. ಆದರೂ ಯುದ್ಧದ ಮೇಲಿನ ಸಿಟ್ಟಿನ ಬಿಸಿ ತಮಗೇ ತಟ್ಟಿತೆಂದು ಅನೇಕರು ನೆನೆದಿದ್ದಾರೆ. 1991ರ ಕೊಲ್ಲಿ ಯುದ್ಧದ ವೇಳೆಗೆ ಆ ದೇಶ ತಪ್ಪು ತಿದ್ದಿಕೊಳ್ಳಲು ಹೊರಟು ಸೈನಿಕರು ಕ್ಷೇಮವಾಗಿ ಮರಳಲೆಂಬ ಹಾರೈಕೆಯ ಗುರುತಾಗಿ ಮನೆಮನೆಯ ಮುಂದೆ ಹಳದಿ ರಿಬ್ಬನ್ ಕಟ್ಟಿತು. ಆದರೆ ಆಗ ಇನ್ನೊಂದು ಎಡವಟ್ಟಾಯಿತೆಂದು ನನ್ನ ಅನಿಸಿಕೆ: ಸೈನಿಕರನ್ನು ಬೆಂಬಲಿಸುವುದೆಂದರೆ ಯುದ್ಧದ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಅರ್ಥ ಬಂದುಬಿಟ್ಟಿತು. ನಿಮ್ಮನ್ನು ಈಗ ಕಾಡುತ್ತಿರುವುದು ಇದೇ ಅರ್ಥ. ಇದನ್ನು ಒಪ್ಪದ ಕುಟುಂಬಗಳೂ ಇವೆ. 1994ರಲ್ಲಿ ಆರಂಭವಾದ ಚೆಚೆನ್ಯಾ ಯುದ್ಧದ ಕಾಲದಲ್ಲಿ ರಷ್ಯಾದ ಎಷ್ಟೋ ತಾಯಂದಿರು ತಾವೇ ರಣರಂಗಕ್ಕೆ ಹೋಗಿ ಮಕ್ಕಳನ್ನು ಹುಡುಕಿದರು. ಅವರ ಮಮತೆಯನ್ನೂ ಯುದ್ಧವಿರೋಧವನ್ನೂ ಬೇರೆಮಾಡಿ ನೋಡುವುದು ಸಾಧ್ಯವಿಲ್ಲ.

ಇನ್ನು ಆ ಫೋನ್ ಕರೆ. ನಿಜವಾದ ಕಷ್ಟ ಇರುವುದು ಅಲ್ಲಿಯೇ. ಎಷ್ಟೋ ದಿನ ಕಾದು ಸಿಕ್ಕ ನಾಲ್ಕು ನಿಮಿಷ ವಾದಕ್ಕೆ ತಕ್ಕ ಜಾಗವಲ್ಲ. ವಾದದಲ್ಲಿ ಗೆದ್ದರೂ ಕರೆ ಮುಗಿದ ಮೇಲೆ ಪಹರೆಗೆ ಹೋಗಬೇಕಾದವನು ಅವನು. ಮನೆಯ ಸಣ್ಣಪುಟ್ಟ ಸುದ್ದಿಗಳನ್ನು ಹೇಳಿ: ಯಾರ ಮಗು ನಡೆಯಲು ಕಲಿಯಿತು, ಅಮ್ಮ ಯಾವುದಕ್ಕೆ ರೇಗಿದರು, ಅವನ ಹಳೆಯ ಬೈಕಿಗೆ ಏನಾಯಿತು. ಹಾಗೆಂದು ಇಲ್ಲದ ಉತ್ಸಾಹವನ್ನು ನಟಿಸಬೇಡಿ, ಹುಟ್ಟಿದಾಗಿನಿಂದ ನಿಮ್ಮ ದನಿ ಕೇಳಿದವನಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅವನೇ ನೇರವಾಗಿ ಕೇಳಿದರೆ ನಿಜವನ್ನೇ ಚಿಕ್ಕದಾಗಿ ಹೇಳಿ: "ಈ ಯುದ್ಧ ನನಗೆ ಒಪ್ಪಿಗೆಯಿಲ್ಲ ಕಣೋ. ನಿನ್ನ ಮೇಲೆ ಮಾತ್ರ ಒಂಚೂರೂ ಬೇಸರವಿಲ್ಲ. ಸರಿಯಾಗಿ ನಿದ್ದೆ ಮಾಡ್ತಿದ್ದೀಯಾ?" ಆ ಮೂರನೆಯ ವಾಕ್ಯವನ್ನು ಬಿಡಬೇಡಿ.

ಅನುಮಾನ ಅವನಿಗೇ ಬಂದರೆ ಏನು ಮಾಡುವುದು? ಕೇಳಿಸಿಕೊಳ್ಳಿ, "ನಾನು ಆಗಲೇ ಹೇಳಿರಲಿಲ್ಲವಾ" ಎಂಬುದು ಆಗ ಆಡಬಾರದ ಮಾತು. ಆದೇಶ ಮೀರು, ಬಿಟ್ಟು ಬಾ ಎಂದು ದೂರದಿಂದ ಒತ್ತಾಯಿಸುವುದೂ ಸಲ್ಲದು, ಏಕೆಂದರೆ ಶಿಕ್ಷೆ ಅನುಭವಿಸುವವನು ಅವನು. ಆತ್ಮಸಾಕ್ಷಿಯ ಕಾರಣಕ್ಕೆ ಶಸ್ತ್ರ ಹಿಡಿಯಲು ನಿರಾಕರಿಸುವ ಹಕ್ಕನ್ನು ಜರ್ಮನಿಯ 1949ರ ಸಂವಿಧಾನ ಮಾನ್ಯಮಾಡಿದೆ, ಆದರೆ ಎಲ್ಲ ದೇಶಗಳಲ್ಲೂ ಹಾಗಿಲ್ಲ. ಅವನು ಆ ದಾರಿಯನ್ನು ಗಂಭೀರವಾಗಿ ಯೋಚಿಸುತ್ತಿದ್ದರೆ ಸೇನಾ ಕಾನೂನು ಬಲ್ಲ ವಕೀಲರನ್ನು ಹುಡುಕಿಕೊಡುವುದೇ ನೀವು ಮಾಡಬಹುದಾದ ಉಪಕಾರ. ಅದನ್ನು ಫೋನಿನಲ್ಲಿ ಬಿಡಿಸಿ ಮಾತಾಡದಿರುವುದು ಕ್ಷೇಮ.

ನಿಮ್ಮ ಅನುಮಾನಕ್ಕೂ ಒಂದು ಕಿವಿ ಬೇಕು, ಆದರೆ ಅದು ಅವನದಾಗಬೇಕಿಲ್ಲ. ಗೆಳತಿಯೊಬ್ಬರೋ, ಇದೇ ಸ್ಥಿತಿಯಲ್ಲಿರುವ ಇನ್ನೊಂದು ಕುಟುಂಬವೋ ಇರಲಿ. ಬಹಿರಂಗವಾಗಿ ಬರೆಯುವುದಾದರೆ, ಸಭೆಗೆ ಹೋಗುವುದಾದರೆ ನಿಮ್ಮ ಹೆಸರಿನಲ್ಲಿ ಹೋಗಿ. ಅವನ ಫೋಟೊ, ತುಕಡಿ, ಇರುವ ಜಾಗ ಯಾವುದನ್ನೂ ಹೊರಗೆಡಹಬೇಡಿ. ವ್ಯಾಯಾಮದ ಆ್ಯಪ್ ಸ್ಟ್ರಾವಾ ಪ್ರಕಟಿಸಿದ್ದ ಓಟಗಳ ನಕ್ಷೆಯಲ್ಲಿ ಸೇನಾ ನೆಲೆಗಳ ಗುರುತು ಕಾಣಿಸುತ್ತಿದೆಯೆಂಬುದು 2018ರಲ್ಲಿ ಬಯಲಾಗಿತ್ತು. ಹಾನಿಗೆ ಅಷ್ಟು ಸಣ್ಣ ಸುಳಿವು ಸಾಕು.

ಒಂದನ್ನು ಮಾತ್ರ ನೀವೇ ಕೇಳಿಕೊಳ್ಳಿ: ಈ ಅನುಮಾನ ಅವನು ಹೊರಡುವ ಮೊದಲೂ ಇತ್ತೇ, ಹೋದ ಮೇಲೆ ಬಂತೇ? ಹೋದ ಮೇಲೆ ಬಂದದ್ದಾದರೆ ಅದು ಸುಳ್ಳೆಂದಲ್ಲ, ಆದರೆ ಅದರಲ್ಲಿ ಭಯದ ಪಾಲೆಷ್ಟು ಎಂಬುದು ತಿಳಿದಿರಲಿ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಾಯುಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಅವರು, ಮನುಷ್ಯ ಹೋದನೆಂದೂ ಹೇಳಲಾಗದ, ಇದ್ದಾನೆಂದೂ ಹೇಳಲಾಗದ ಆ ನೋವಿಗೆ ಅಸ್ಪಷ್ಟ ನಷ್ಟವೆಂದು ಹೆಸರಿಟ್ಟರು. ನಿಮ್ಮ ತಮ್ಮ ಕಾಣೆಯಾದವನಲ್ಲ, ಆದರೂ ಎರಡು ಕರೆಗಳ ನಡುವಿನ ದಿನಗಳಲ್ಲಿ ಅದರದೊಂದು ಅಂಶ ಇದ್ದೇ ಇರುತ್ತದೆ.

ಅವನು ಮರಳಿದ ಮೇಲೆ ನಿಮ್ಮ ನಿಲುವಿನ ಪರೀಕ್ಷೆ ಇನ್ನೂ ಸೂಕ್ಷ್ಮವಾಗುತ್ತದೆ. ತಾನು ಮಾಡಿದ್ದೋ, ತಡೆಯದೆ ಹೋದದ್ದೋ ತನ್ನದೇ ಧರ್ಮಬುದ್ಧಿಗೆ ವಿರುದ್ಧವಾಗಿತ್ತೆಂಬ ಕೊರಗನ್ನು ಮನೋವೈದ್ಯರು ನೈತಿಕ ಗಾಯವೆನ್ನುತ್ತಾರೆ. ಅಲ್ಲಿ ಏನಾಯಿತೆಂದು ಕೆದಕಬೇಡಿ. ಅವನಾಗಿಯೇ ಹೇಳಲು ತೊಡಗಿದರೆ "ನಿನ್ನ ತಪ್ಪೇನೂ ಇಲ್ಲ ಬಿಡು" ಎಂದು ಮಾತು ಮುಗಿಸಲು ಅವಸರಪಡಬೇಡಿ, ತೀರ್ಪನ್ನೂ ಕೊಡಬೇಡಿ. ಅವನು ನಿದ್ದೆ ಬಿಟ್ಟರೆ, ಕುಡಿತಕ್ಕೆ ಬಿದ್ದರೆ, ಬದುಕೇ ಬೇಡವೆಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಯುದ್ಧ ಸರಿಯೋ ತಪ್ಪೋ ಎಂಬ ನಿಮ್ಮಿಬ್ಬರ ಮಾತುಕತೆಯನ್ನು ಶುರುಮಾಡುವ ದಿನವನ್ನು ಅವನೇ ಆರಿಸಿಕೊಳ್ಳಲಿ.